ಗ್ರೀನ್ ಕಾರ್ಡ್ ಇರುವವರ ಹೆಂಡತಿ ಅಥವಾ ಗಂಡನಿಗೆ ಅಮೆರಿಕ ವೀಸಾ: ತಡ ಎಲ್ಲಾಗುತ್ತದೆ, ಆಗ ಏನು ಮಾಡಬೇಕು

ಮದುವೆಯಾಗಿ ಹದಿನೈದು ದಿನಕ್ಕೆ ನನ್ನ ಗಂಡ ಅಮೆರಿಕಕ್ಕೆ ವಾಪಸ್ ಹೊರಟರು. ಅದು 2021ರ ಡಿಸೆಂಬರ್. ಅವರ ಹತ್ತಿರ ಗ್ರೀನ್ ಕಾರ್ಡ್ ಇತ್ತು. "ಒಂದು ವರ್ಷದೊಳಗೆ ನೀನೂ ಹೋಗ್ತೀಯ ಬಿಡು" ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ವಿಮಾನ ಹತ್ತಿದ್ದು ಮೂರೂವರೆ ವರ್ಷದ ಮೇಲೆ. ಅಷ್ಟು ದಿನವೂ ಹಾಸನದ ನಮ್ಮ ಬೀದಿಯಲ್ಲಿ ಎದುರಾದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಇನ್ನೂ ಹೋಗಿಲ್ವಾ?"

ಆ ಪ್ರಶ್ನೆ ಎಷ್ಟು ನೋಯಿಸುತ್ತದೆ ಎಂದು ಕಾದವರಿಗೇ ಗೊತ್ತು. ಈಗ ಕಾಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. "ವೀಸಾ ತಡ" ಎಂದು ನಾವು ಕರೆಯುವುದು ಒಂದೇ ತಡ ಅಲ್ಲ. ದಾರಿಯಲ್ಲಿ ಮೂರು ನಾಲ್ಕು ಬಾಗಿಲುಗಳಿವೆ. ನಿಮ್ಮ ಅರ್ಜಿ ಯಾವ ಬಾಗಿಲ ಮುಂದೆ ನಿಂತಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ತೆರೆಯದ ಬಾಗಿಲನ್ನೇ ತಟ್ಟುತ್ತಾ ದುಡ್ಡು, ನೆಮ್ಮದಿ ಎರಡನ್ನೂ ಕಳೆದುಕೊಳ್ಳುತ್ತೇವೆ.

ಮೊದಲ ಹೆಜ್ಜೆ: ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ

ಮದುವೆಯ ತಾರೀಖು ಒಂದು, ಸಂಗಾತಿಗೆ ಗ್ರೀನ್ ಕಾರ್ಡ್ ಸಿಕ್ಕ ತಾರೀಖು ಇನ್ನೊಂದು. ಯಾವುದು ಮೊದಲು?

ಮದುವೆ ಮೊದಲು ಆಗಿದ್ದು, ಗ್ರೀನ್ ಕಾರ್ಡ್ ಕೆಲಸದ ಮೂಲಕವೋ ಅಣ್ಣ-ತಂಗಿ ಹಾಕಿದ ಅರ್ಜಿಯ ಮೂಲಕವೋ ಆಮೇಲೆ ಬಂದಿದ್ದರೆ, ನಿಮ್ಮ ದಾರಿಯೇ ಬೇರೆ. ಇದಕ್ಕೆ 'ಫಾಲೋ ಟು ಜಾಯಿನ್' ಎನ್ನುತ್ತಾರೆ. ಹೊಸ ಅರ್ಜಿ ಹಾಕಿ ಸಾಲಿನ ಕೊನೆಯಲ್ಲಿ ನಿಲ್ಲಬೇಕಿಲ್ಲ. ಸಂಗಾತಿಯ ಹಳೆಯ ಸರದಿಯೇ ನಿಮಗೂ ಸಿಗುತ್ತದೆ. ಅವರು ಅಮೆರಿಕದ ಒಳಗೇ ಗ್ರೀನ್ ಕಾರ್ಡ್ ಪಡೆದಿದ್ದರೆ ಐ-824 ಎಂಬ ಅರ್ಜಿ ಹಾಕುತ್ತಾರೆ. ಆ ವರ್ಗದ ಸರದಿ ತಾರೀಖು (ಇದನ್ನು ನಾಲ್ಕನೆಯದರಲ್ಲಿ ಬಿಡಿಸಿ ಹೇಳಿದ್ದೇನೆ) ಆ ಹೊತ್ತಿಗೆ ಹಿಂದೆ ಸರಿದಿದ್ದರೆ ಸ್ವಲ್ಪ ಕಾಯಬೇಕಾಗಬಹುದು. ಆದರೂ ಹೊಸದಾಗಿ ಶುರು ಮಾಡುವುದಕ್ಕಿಂತ ಎಷ್ಟೋ ಮೇಲು. ಇದು ಗೊತ್ತಿಲ್ಲದೆ ಹೊಸ ಅರ್ಜಿ ಹಾಕಿ ಕೂತವರನ್ನು ನಾನು ನೋಡಿದ್ದೇನೆ.

ಇನ್ನೂ ಮದುವೆಯಾಗದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಹುಡುಗ ಅಥವಾ ಹುಡುಗಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿದ್ದು, ಗ್ರೀನ್ ಕಾರ್ಡ್ ಕೈಗೆ ಬರುವುದರಲ್ಲಿದೆಯಾ? ನಿಶ್ಚಯವಾಗಿದ್ದರೆ ಅದು ಮಂಜೂರಾಗುವ ಮುಂಚೆ ಮದುವೆ ಮಾಡಿಕೊಂಡು ನೋಂದಣಿ ಮಾಡಿಸಿ. "ಗ್ರೀನ್ ಕಾರ್ಡ್ ಬಂದ ಮೇಲೆ ಹುಡುಗಿ ನೋಡೋಣ" ಎನ್ನುವ ಮನೆಗಳಿಗೆ ಈ ವಿಷಯ ಯಾರೂ ಹೇಳಿರುವುದಿಲ್ಲ. ಎಚ್-1ಬಿ ಇದ್ದಾಗ ಹೆಂಡತಿಗೆ ಜೊತೆಯಲ್ಲಿರಲು ಎಚ್-4 ವೀಸಾ ಸಿಗುತ್ತದೆ. ಗ್ರೀನ್ ಕಾರ್ಡ್ ಬಂದ ದಿನವೇ ಆ ದಾರಿ ಮುಚ್ಚುತ್ತದೆ.

ಮದುವೆ ನಮ್ಮ ಹಾಗೆ ಗ್ರೀನ್ ಕಾರ್ಡ್ ಆದ ಮೇಲೆ ನಡೆದಿದ್ದರೆ, ನೀವು ಎಫ್2ಎ ವರ್ಗ, ಅಂದರೆ ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ, ಸಣ್ಣ ಮಕ್ಕಳ ವರ್ಗ. ಮುಂದಿನದೆಲ್ಲ ಮುಖ್ಯವಾಗಿ ನಿಮಗೆ.

ಎರಡನೆಯದು: ಐ-130 ಹಾಕಿ, ಬೇಗ ಹಾಕಿ

ಗ್ರೀನ್ ಕಾರ್ಡ್ ಇರುವವರು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಸಂಗಾತಿಯನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಬೇಕು. ಜೊತೆಗೆ ನಿಮ್ಮ ವಿವರದ ಐ-130ಎ. 2024ರ ಏಪ್ರಿಲ್ 1ರಂದು ಬಂದ ದರದ ಪ್ರಕಾರ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಾದರೆ 675 ಡಾಲರ್. ದರ ಬದಲಾಗುತ್ತಿರುತ್ತದೆ, ಕಟ್ಟುವ ದಿನ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಇಲಾಖೆಗೆ ಅರ್ಜಿ ತಲುಪಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ರೇಷನ್ ಅಂಗಡಿ ಮುಂದಿನ ಟೋಕನ್ ಇದ್ದ ಹಾಗೆ. ಅರ್ಜಿ ಮಂಜೂರಾದ ದಿನ ಲೆಕ್ಕಕ್ಕಿಲ್ಲ, ತಲುಪಿದ ದಿನವೇ ಲೆಕ್ಕ. ಹಾಗಾಗಿ ಮದುವೆ ಆಲ್ಬಮ್ ಬರಲಿ, ಆಮೇಲೆ ಹಾಕೋಣ ಎಂದು ಕಾಯಬೇಡಿ. ನೋಂದಣಿ ಪತ್ರ ಕೈಗೆ ಬಂದ ವಾರವೇ ಹಾಕಿ. ನಾವು ಮೂರು ತಿಂಗಳು ಸುಮ್ನೆ ಕಳೆದೆವು. ಹಾಕಿದ್ದು 2022ರ ಮಾರ್ಚ್‌ನಲ್ಲಿ.

ಮದುವೆ ನಿಜವೆಂದು ತೋರಿಸಲು ಲಗ್ನಪತ್ರಿಕೆ, ಎರಡೂ ಮನೆಯವರು ಇರುವ ಫೋಟೋಗಳು, ಅವರು ಬಂದುಹೋದ ವಿಮಾನದ ಟಿಕೆಟ್, ಒಬ್ಬರನ್ನೊಬ್ಬರು ನಾಮಿನಿ ಮಾಡಿದ ವಿಮೆ, ಜಂಟಿ ಖಾತೆ, ವಾಟ್ಸ್ಆ್ಯಪ್ ಕರೆಗಳ ಪಟ್ಟಿ ಇಡಿ. ಧಾರೆಯ ಫೋಟೋಗಳನ್ನೇ ನೂರು ಹಾಕುವುದಕ್ಕಿಂತ, ಮದುವೆಯಾದ ಮೇಲಿನ ಒಂದೊಂದು ತಿಂಗಳಿನದೂ ಒಂದಿಷ್ಟಿದ್ದರೆ ಒಳ್ಳೆಯದು. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. "ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ" ಎಂದು ಅನುವಾದ ಮಾಡಿದವರು ಬರೆದು ಸಹಿ ಹಾಕಬೇಕು.

ಮೂರನೆಯದು: ಎರಡು ಸಾಲುಗಳಿವೆ ಎಂದು ತಿಳಿದುಕೊಳ್ಳಿ

ಇಲ್ಲೇ ಎಲ್ಲರಿಗೂ ಗೊಂದಲ. ಐ-130 ಮಂಜೂರಾದರೆ ವೀಸಾ ಬಂದ ಹಾಗೆ ಎಂದುಕೊಳ್ಳುತ್ತಾರೆ. ಅಲ್ಲ. ಅದು "ಇವರಿಬ್ಬರೂ ನಿಜವಾಗಿ ಗಂಡ-ಹೆಂಡತಿ" ಎಂದು ಇಲಾಖೆ ಒಪ್ಪಿದ್ದು ಅಷ್ಟೇ. ಅದೊಂದು ಸಾಲು. ವೀಸಾ ನಂಬರ್ ಸಿಗುವುದು ಇನ್ನೊಂದು ಸಾಲು.

ಅಮೆರಿಕದ ಪೌರರ ಹೆಂಡತಿ ಅಥವಾ ಗಂಡನಿಗೆ ವೀಸಾ ಸಂಖ್ಯೆಯ ಮಿತಿ ಇಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿಗೆ ಇದೆ. ಕಾನೂನಿನ ಪ್ರಕಾರ ಎಫ್2 ವರ್ಗಕ್ಕೆ ವರ್ಷಕ್ಕೆ 1,14,200 ವೀಸಾ. ಅದರಲ್ಲಿ ಶೇಕಡಾ 77, ಅಂದರೆ ಸುಮಾರು 87,900, ಎಫ್2ಎಗೆ. ಇಡೀ ಪ್ರಪಂಚದ ಗಂಡ, ಹೆಂಡತಿ, 21 ವರ್ಷ ತುಂಬದ ಮದುವೆಯಾಗದ ಮಕ್ಕಳು, ಎಲ್ಲರಿಗೂ ಸೇರಿ ಇಷ್ಟೇ.

ಒಂದು ಸಮಾಧಾನವೂ ಇದೆ. ಕೆಲಸದ ಮೂಲಕ ಗ್ರೀನ್ ಕಾರ್ಡ್‌ಗೆ ಕಾಯುವ ಭಾರತೀಯರ ಕಥೆ ಕೇಳಿ ಎಷ್ಟೋ ಹೆಣ್ಣುಮಕ್ಕಳು ಹೆದರಿಬಿಡುತ್ತಾರೆ. ಆ ಹೆದರಿಕೆ ಇಲ್ಲಿ ಬೇಡ. ಎಫ್2ಎ ವೀಸಾಗಳಲ್ಲಿ ಶೇಕಡಾ 75ಕ್ಕೆ ದೇಶವಾರು ಮಿತಿ ಅನ್ವಯಿಸುವುದಿಲ್ಲ. ಅದಕ್ಕೇ ಈ ವರ್ಗದಲ್ಲಿ ಭಾರತದವರೂ ಉಳಿದ ಹೆಚ್ಚಿನ ದೇಶದವರ ಜೊತೆಗೇ ಸಾಗುತ್ತಾರೆ.

ಎರಡೂ ಸಾಲು ಒಟ್ಟಿಗೆ ಓಡುತ್ತವೆ. ಐ-130 ಇಲಾಖೆಯಲ್ಲಿ ಕೂತಿರುವಾಗಲೂ ನಿಮ್ಮ ಟೋಕನ್ ಮುಂದೆ ಹೋಗುತ್ತಿರುತ್ತದೆ. ನಿಮ್ಮ ಸರದಿಯ ತಾರೀಖು ದೂರ ಇದ್ದಾಗ ಇಲಾಖೆಯೂ ಅರ್ಜಿ ಮುಟ್ಟುವ ಅವಸರ ತೋರಿಸುವುದಿಲ್ಲ. ಪರದೆಯ ಮೇಲೆ ವರ್ಷವಿಡೀ "ಪರಿಶೀಲನೆಯಲ್ಲಿದೆ" ಎಂದೇ ಇರುತ್ತದೆ. ಅದರಿಂದ ನಷ್ಟವಾಗಿದೆ ಎಂದೇನಿಲ್ಲ. ತಾರೀಖು ಬಂದಿದ್ದೂ ಐ-130 ಬಾಕಿ ಇದ್ದರೆ ಮಾತ್ರ ಅದು ನಿಜವಾದ ತಡ.

ನಾಲ್ಕನೆಯದು: ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ನೋಡಿ, ದಿನಾ ಬೇಡ

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಹೊರಡಿಸುತ್ತದೆ. ಕುಟುಂಬದ ಭಾಗದಲ್ಲಿ ಎರಡು ಪಟ್ಟಿ. ಒಂದು ಫೈನಲ್ ಆ್ಯಕ್ಷನ್ ಡೇಟ್ಸ್, ಅಂದರೆ ವೀಸಾ ನಿಜವಾಗಿ ಕೊಡುವ ತಾರೀಖು. ಇನ್ನೊಂದು ಡೇಟ್ಸ್ ಫಾರ್ ಫೈಲಿಂಗ್, ಅಂದರೆ ಕಾಗದ ಪತ್ರ ಕೊಡಲು ಕರೆಯುವ ತಾರೀಖು. ಎಫ್2ಎ ಸಾಲಿನಲ್ಲಿ ಇಂಡಿಯಾ ಎಂದಿರುವ ಕಡೆ ನೋಡಿ. ಅಲ್ಲಿ 'ಸಿ' ಎಂದಿದ್ದರೆ ಎಲ್ಲರ ಸರದಿಯೂ ಬಂದಿದೆ. ತಾರೀಖು ಇದ್ದರೆ, ನಿಮ್ಮ ಪ್ರಯಾರಿಟಿ ಡೇಟ್ ಅದಕ್ಕಿಂತ ಹಿಂದಿನದಾಗಿರಬೇಕು. ಅದೇ ದಿನವಾಗಿದ್ದರೂ ಆಗುವುದಿಲ್ಲ.

ತಾರೀಖು ಹಿಂದಕ್ಕೂ ಹೋಗುತ್ತದೆ. ನಮಗೆ ಪೆಟ್ಟು ಬಿದ್ದದ್ದು ಇಲ್ಲೇ. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಎಫ್2ಎ 'ಸಿ' ಆಗಿತ್ತು. ಅದನ್ನು ನಂಬಿಯೇ ಎಲ್ಲರೂ ಒಂದು ವರ್ಷ ಎಂದದ್ದು. 2023ರ ಏಪ್ರಿಲ್ ಬುಲೆಟಿನ್‌ನಲ್ಲಿ ಅದು ಒಮ್ಮೆಗೇ 2020ರ ಸೆಪ್ಟೆಂಬರ್ 8ಕ್ಕೆ ಸರಿಯಿತು. ನಮ್ಮ ಐ-130 ಮಂಜೂರಾಗಿ ಆಗಿನ್ನೂ ತಿಂಗಳಾಗಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಮ್ಮ ಏನೂ ಕೇಳದೆ ತಟ್ಟೆ ಮುಚ್ಚಿಟ್ಟರು.

ನಂಬರ್ ಇಲ್ಲದೆ ನಿಂತಿರುವಾಗ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ತುರ್ತು ಎಂದು ಕೇಳಿಕೊಳ್ಳುವುದು, ಅಲ್ಲಿನ ಜನಪ್ರತಿನಿಧಿಯ ಪತ್ರ, ಕೋರ್ಟ್ ಕೇಸು, ಯಾವುದೂ ಪ್ರಯಾರಿಟಿ ಡೇಟ್ ದಾಟಿಸುವುದಿಲ್ಲ. "ದುಡ್ಡು ಕೊಡಿ, ಬೇಗ ಮಾಡಿಸುತ್ತೇವೆ" ಎನ್ನುವ ಏಜೆಂಟರು ಸಿಗುತ್ತಾರೆ. ದಯವಿಟ್ಟು ಕೊಡಬೇಡಿ.

ಐದನೆಯದು: ಕಾಯುವ ಹೊತ್ತಲ್ಲಿ ಕಾಗದ ಸರಿಮಾಡಿ

ನಮ್ಮ ಕಡೆಯವರಿಗೆ ಜಾಸ್ತಿ ತಡವಾಗುವುದು ಹೆಸರಿನಿಂದ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕನ್ನಡದವರಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಊರಿನ ಒಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇತ್ತು, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರಾಗಿತ್ತು, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ ಹೋಗಿತ್ತು, ಮದುವೆ ನೋಂದಣಿಯಲ್ಲಿ ಇರಲೇ ಇಲ್ಲ. ನಮಗೆ ಇದು ಸಹಜ. ಅಲ್ಲಿ ಕುಳಿತು ನೋಡುವವರಿಗೆ ನಾಲ್ಕು ಬೇರೆ ಬೇರೆ ಹೆಂಗಸರು. ನನ್ನ ಕಾಗದ ಒಮ್ಮೆ ವಾಪಸ್ ಬಂದದ್ದು ಇದಕ್ಕೇ.

ಪಾಸ್‌ಪೋರ್ಟನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಅದರಲ್ಲಿರುವ ಹೆಸರು ಒಂದಕ್ಷರ ಬಿಡದೆ ಎಲ್ಲ ಫಾರಂನಲ್ಲೂ ಬರಲಿ. ತಿದ್ದಿಸಲು ಆಗುವುದನ್ನು ತಿದ್ದಿಸಿ. ಆಗದಿದ್ದರೆ "ಈ ಎಲ್ಲ ಹೆಸರಿನ ವ್ಯಕ್ತಿ ಒಬ್ಬಳೇ" ಎಂಬ ಅಫಿಡವಿಟ್ ಮಾಡಿಸಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದವರು ನಿಮ್ಮ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ಗೊತ್ತಿಲ್ಲ, ಎಂದು ಬರೆಯುತ್ತಾರೆ. ಅಲ್ಲಿ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಅದು ಕಾಡುತ್ತದೆ. ಕಾಯುವ ಕಾಲದಲ್ಲೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳಿ.

ಆಮೇಲೆ ಜನನ ಪ್ರಮಾಣ ಪತ್ರ. ಹಳೆಯ ಪತ್ರಗಳಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ಅಪ್ಪ ಅಮ್ಮನ ಹೆಸರು ಮಾತ್ರ ಇರುತ್ತದೆ. ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಹೆಸರು ಸೇರಿಸಿಕೊಳ್ಳಿ. ಜನನ ನೋಂದಣಿಯೇ ಆಗಿಲ್ಲವೆಂದರೆ, ದಾಖಲೆ ಸಿಗುತ್ತಿಲ್ಲ ಎಂಬ ಪತ್ರವನ್ನು ಜನನ-ಮರಣ ನೋಂದಣಿ ಕಚೇರಿಯಿಂದ ತೆಗೆದುಕೊಂಡು, ಅಪ್ಪ ಅಮ್ಮನ ಅಥವಾ ಹತ್ತಿರದ ಹಿರಿಯರ ಅಫಿಡವಿಟ್, ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡಿ. ಮದುವೆಗೆ ಛತ್ರದ ರಸೀದಿ, ದೇವಸ್ಥಾನದ ಪತ್ರ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರವೇ ಬೇಕು.

ಪೊಲೀಸ್ ಕ್ಲಿಯರೆನ್ಸ್ ಮಾತ್ರ ಅವಸರ ಮಾಡಬೇಡಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೇಗ ಸಿಗುತ್ತದೆ, ಬೇಗ ಹಳೆಯದೂ ಆಗುತ್ತದೆ. 16 ವರ್ಷ ದಾಟಿದ ಮೇಲೆ ದುಬೈ, ಸಿಂಗಪುರ ಎಂದು ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಇದ್ದಿದ್ದರೆ ಅಲ್ಲಿಂದಲೂ ತರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಹೇಗೆ ತರಿಸುವುದೆಂದು ಮೊದಲೇ ವಿಚಾರಿಸಿಡಿ.

ಆರನೆಯದು: ಎನ್‌ವಿಸಿ

ಐ-130 ಮಂಜೂರಾದ ಮೇಲೆ ಕಡತ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ಎನ್‌ವಿಸಿ, ಅಂದರೆ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಸಂದರ್ಶನ ಮುಂಬೈಯಲ್ಲಾದರೆ ನಿಮ್ಮ ಕೇಸ್ ನಂಬರ್ 'ಬಿಎಂಬಿ' ಎಂದು ಶುರುವಾಗುತ್ತದೆ. ಬಾಂಬೆಯ ಹಳೆಯ ಗುರುತು ಅದು. ಇಲ್ಲಿ ವೀಸಾ ಶುಲ್ಕ 325 ಡಾಲರ್, ಆರ್ಥಿಕ ಹೊಣೆ ಪತ್ರದ ಶುಲ್ಕ 120 ಡಾಲರ್. ಆಮೇಲೆ ಡಿಎಸ್-260 ಎಂಬ ವಲಸೆ ವೀಸಾ ಅರ್ಜಿ ತುಂಬಿ, ಕಾಗದ ಸ್ಕ್ಯಾನ್ ಮಾಡಿ ಏರಿಸಬೇಕು.

ಹೊಣೆ ಪತ್ರ ಎಂದರೆ ಐ-864. ಸಂಗಾತಿಯ ಆದಾಯ ಆ ವರ್ಷದ ಬಡತನ ರೇಖೆಯ ಲೆಕ್ಕದ ಶೇಕಡಾ 125 ಮುಟ್ಟಬೇಕು. ಮನೆಯ ಸದಸ್ಯರ ಲೆಕ್ಕಕ್ಕೆ ನಿಮ್ಮನ್ನೂ ಸೇರಿಸಬೇಕು. ಮುಟ್ಟದಿದ್ದರೆ ಅಲ್ಲೇ ವಾಸವಿರುವ ಇನ್ನೊಬ್ಬ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಂಟಿಯಾಗಿ ಹೊಣೆ ಹೊರಬಹುದು. ತೆರಿಗೆಗೆ ಅಲ್ಲಿನ ತೆರಿಗೆ ಇಲಾಖೆಯ ಟ್ರಾನ್ಸ್‌ಕ್ರಿಪ್ಟ್ ಹಾಕುವುದೇ ಸುಲಭ.

ಇನ್ನೊಂದು ಅಪಾಯ. ಸರದಿ ಬಂದಿದೆ ಎಂದು ತಿಳಿಸಿದ ಮೇಲೆ ಒಂದು ವರ್ಷ ಏನೂ ಮಾಡದೆ ಸುಮ್ನಿದ್ದರೆ ಅರ್ಜಿಯನ್ನೇ ರದ್ದು ಮಾಡುವ ಅಧಿಕಾರ ಕಾನೂನಿನಲ್ಲಿದೆ. ಇಮೇಲ್ ಸ್ಪ್ಯಾಮ್‌ಗೆ ಹೋಗಿ ಹೀಗಾಗುವುದುಂಟು. ಕೆಲವು ತಿಂಗಳಿಗೊಮ್ಮೆ ಖಾತೆಗೆ ಲಾಗಿನ್ ಆಗಿ ನೋಡಿ.

ಏಳನೆಯದು: ಸಂಗಾತಿ ಪೌರರಾಗಬಹುದೇ ಎಂದು ಲೆಕ್ಕ ಹಾಕಿ

ನಮ್ಮ ಬಾಗಿಲು ತೆರೆದದ್ದು ಹೀಗೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾದರೆ ಪೌರತ್ವ ಕೇಳಬಹುದು. ಎನ್-400 ಅರ್ಜಿಯನ್ನು ಅದಕ್ಕೂ 90 ದಿನ ಮುಂಚೆಯೇ ಹಾಕಬಹುದು. ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ನನ್ನ ಗಂಡನ ಕಾರ್ಡ್ 2019ರ ಸೆಪ್ಟೆಂಬರ್‌ನದು. 2024ರ ಜೂನ್‌ನಲ್ಲಿ ಅರ್ಜಿ ಹಾಕಿದರು, ನವೆಂಬರ್‌ನಲ್ಲಿ ಪ್ರಮಾಣ ವಚನ ತೆಗೆದುಕೊಂಡರು.

ಅವರು ಪೌರರಾದ ದಿನವೇ ನಿಮ್ಮ ಅರ್ಜಿ ಮಿತಿಯಿಲ್ಲದ ವರ್ಗಕ್ಕೆ ಸೇರುತ್ತದೆ. ಹೊಸ ಐ-130 ಬೇಡ. ಆದರೆ ನೀವು ತಿಳಿಸಬೇಕು. ಕಡತ ಎನ್‌ವಿಸಿಯಲ್ಲಿದ್ದರೆ ಅವರ ವೆಬ್‌ಸೈಟ್‌ನ ವಿಚಾರಣಾ ಫಾರಂ ಮೂಲಕ ಪೌರತ್ವ ಪ್ರಮಾಣ ಪತ್ರ ಕಳಿಸಿ. ಇನ್ನೂ ಯುಎಸ್‌ಸಿಐಎಸ್‌ನಲ್ಲಿದ್ದರೆ ಅಲ್ಲಿಗೆ ಕಳಿಸಿ.

ಮಕ್ಕಳಿರುವವರು ಇದನ್ನು ಎರಡು ಸಲ ಓದಿ. ಎಫ್2ಎಯಲ್ಲಿ ತಾಯಿಯ ಅರ್ಜಿಯಲ್ಲೇ ಮಗುವೂ ಬರಬಹುದು. ಪೌರರ ವರ್ಗದಲ್ಲಿ ಹಾಗಾಗುವುದಿಲ್ಲ. ಅಪ್ಪ ಪೌರರಾದ ಕೂಡಲೇ ತಾಯಿಗೆ ದಾರಿ ತೆರೆಯುತ್ತದೆ, ಮಗು ಹಿಂದೆ ಉಳಿಯುತ್ತದೆ. ಅದಕ್ಕೆ ಶುರುವಿನಲ್ಲೇ ಪ್ರತಿ ಮಗುವಿಗೂ ಬೇರೆ ಬೇರೆ ಐ-130 ಹಾಕಿಬಿಡಿ. ಒಂದು ಅರ್ಜಿಯ ದುಡ್ಡು ಉಳಿಸಲು ಹೋಗಿ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ಸಂಕಟ ಯಾರಿಗೂ ಬೇಡ.

ಇದಕ್ಕೇ ಹೊಂದಿದ ಇನ್ನೊಂದು ಮಾತು. ಹೆಂಡತಿ ಒಬ್ಬಳೇ ಇದ್ದಾಳೆ ಎಂದು ಗಂಡ ಊರಿಗೆ ಬಂದು ತಿಂಗಳುಗಟ್ಟಲೆ ಇದ್ದುಬಿಡುವುದುಂಟು. ಆರು ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸ ಮುರಿದಂತೆ ಎಣಿಸಬಹುದು. ಒಂದು ವರ್ಷ ದಾಟಿದರೆ, ವಾಪಸ್ ಒಳಹೋಗಲು ಅನುಮತಿ ಕೊಡುವ ರೀಎಂಟ್ರಿ ಪರ್ಮಿಟ್ ಮೊದಲೇ ಮಾಡಿಸದಿದ್ದರೆ, ಗ್ರೀನ್ ಕಾರ್ಡ್‌ಗೇ ಕುತ್ತು. ಸಣ್ಣ ಸಣ್ಣ ಭೇಟಿಯೇ ಒಳ್ಳೆಯದು. ಯುಗಾದಿಗೊಂದು, ದೀಪಾವಳಿಗೊಂದು ಎಂದು ನಾವು ಇಟ್ಟುಕೊಂಡಿದ್ದೆವು.

ವಿಸಿಟರ್ ವೀಸಾ ಕೇಳಬಹುದಾ?

ಕೇಳುವುದು ತಪ್ಪಲ್ಲ. ಸಿಗುವುದು ಕಷ್ಟ. ವಿಸಿಟರ್ ವೀಸಾಗೆ "ವಾಪಸ್ ಬರುತ್ತೇನೆ" ಎಂದು ನಂಬಿಸಬೇಕು. ಇಲ್ಲಿ ನಿಮ್ಮ ಹೆಸರಿನಲ್ಲಿ "ಅಲ್ಲೇ ನೆಲೆಸುತ್ತೇನೆ" ಎಂಬ ಅರ್ಜಿಯೇ ಇದೆ. ಆ ವೀಸಾದ ಅರ್ಜಿಯಾದ ಡಿಎಸ್-160ರಲ್ಲಿ ನಿಮ್ಮ ಪರವಾಗಿ ವಲಸೆ ಅರ್ಜಿ ಹಾಕಿದ್ದಾರಾ ಎಂದು ಕೇಳುತ್ತಾರೆ. ಹೌದು ಎಂದೇ ಬರೆಯಿರಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವನಪೂರ್ತಿ ಅಡ್ಡಿಯಾಗಬಹುದು. ಸ್ಟೂಡೆಂಟ್ ವೀಸಾಗೂ ಇದೇ ತೊಂದರೆ. ನಿಮಗೇ ಎಚ್-1ಬಿ ಅಥವಾ ಕಂಪನಿಯೊಳಗಿನ ವರ್ಗಾವಣೆಯ ಎಲ್-1 ವೀಸಾ ಸಿಗುವಂತಿದ್ದರೆ ಅದಕ್ಕೆ ಈ ಅಡ್ಡಿ ಇಲ್ಲ.

ಬೇರೆ ವೀಸಾದಲ್ಲಿ ಈಗಾಗಲೇ ಅಲ್ಲೇ ಇರುವವರು ತಾರೀಖು ಬಂದಾಗ ಅಲ್ಲಿಂದಲೇ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿ ಹಾಕಬಹುದು. ಆದರೆ ಅಲ್ಲಿವರೆಗೆ ಒಂದು ದಿನವೂ ಅವಧಿ ಮೀರಬಾರದು. ಪೌರರ ಸಂಗಾತಿಗೆ ಇದರಲ್ಲಿ ರಿಯಾಯಿತಿ ಇದೆ, ಎಫ್2ಎಗೆ ಇಲ್ಲ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿದ್ದು ಹೊರಬಂದರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚಾದರೆ 10 ವರ್ಷ ಒಳಗೆ ಬಿಡುವುದಿಲ್ಲ.

ದೂರು ಕೊಡಬೇಕಾದದ್ದು ಯಾವಾಗ?

ನಿಮ್ಮ ತಾರೀಖು ಬಂದಿದೆ, ಆದರೂ ಐ-130 ಇಲಾಖೆ ಹೇಳಿದ ಸಾಮಾನ್ಯ ಅವಧಿ ದಾಟಿದೆ ಎಂದರೆ ಮೊದಲು ಯುಎಸ್‌ಸಿಐಎಸ್ ವೆಬ್‌ಸೈಟ್‌ನಲ್ಲಿ ವಿಚಾರಣೆ ಹಾಕಿ. ಉತ್ತರ ಬರದಿದ್ದರೆ ಸಂಗಾತಿ ಇರುವ ಕ್ಷೇತ್ರದ ಸಂಸತ್ ಸದಸ್ಯರ ಕಚೇರಿಗೆ ಬರೆಯಲಿ. ಮತ ಇಲ್ಲದಿದ್ದರೂ ಗ್ರೀನ್ ಕಾರ್ಡ್ ಇರುವವರು ಕೇಳಬಹುದು. ಮಾಹಿತಿ ಕೊಡಲು ಒಪ್ಪಿಗೆಯ ಫಾರಂಗೆ ಸಹಿ ಹಾಕಬೇಕು ಅಷ್ಟೇ. ಗಂಭೀರ ಕಾಯಿಲೆಯಂಥ ಕಾರಣವಿದ್ದರೆ ಆಸ್ಪತ್ರೆಯ ದಾಖಲೆ ಇಟ್ಟು ತುರ್ತು ಪರಿಶೀಲನೆ ಕೇಳಿ. ಕೋರ್ಟಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ, ಅದೂ ವಲಸೆ ವಕೀಲರನ್ನು ಕೇಳಿಕೊಂಡೇ.

ಕೊನೆಯ ಬಾಗಿಲು: ಮುಂಬೈ

ಸಂದರ್ಶನದ ಪತ್ರ ಬಂದ ಮೇಲೆ ವೈದ್ಯಕೀಯ ತಪಾಸಣೆ. ದೂತಾವಾಸ ಒಪ್ಪಿದ ವೈದ್ಯರ ಹತ್ತಿರವೇ ಹೋಗಬೇಕು. ಚಿಕ್ಕಂದಿನ ಲಸಿಕೆ ಕಾರ್ಡ್ ಇದ್ದರೆ ತಗೊಂಡು ಹೋಗಿ. ಸ್ಕ್ಯಾನ್ ಮಾಡಿ ಕಳಿಸಿದ ಎಲ್ಲ ಕಾಗದದ ಮೂಲ ಪ್ರತಿ ಸಂದರ್ಶನದ ದಿನ ಕೈಯಲ್ಲಿರಲಿ.

ನನ್ನನ್ನು ಕೇಳಿದ್ದು ಐದಾರು ಪ್ರಶ್ನೆ. ಹೇಗೆ ಪರಿಚಯ, ಮದುವೆ ಎಲ್ಲಾಯಿತು, ಅವರು ಏನು ಕೆಲಸ ಮಾಡುತ್ತಾರೆ, ಕೊನೆಯ ಸಲ ಯಾವಾಗ ಬಂದಿದ್ದರು. ಮನೆಯವರು ಜಾತಕ ನೋಡಿ ಮಾಡಿದ ಮದುವೆ ಎಂದು ಹೇಳಲು ಸಂಕೋಚ ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ. 221(ಜಿ) ಎಂಬ ಚೀಟಿ ಕೊಟ್ಟರೆ ಮುಗಿದೇ ಹೋಯಿತು ಎಂದಲ್ಲ. ಯಾವುದೋ ಕಾಗದ ಬೇಕು ಅಥವಾ ಇನ್ನೂ ಪರಿಶೀಲನೆ ಬಾಕಿ ಇದೆ ಎಂದರ್ಥ. ಕೇಳಿದ್ದನ್ನು ಅವರು ಹೇಳಿದ ದಾರಿಯಲ್ಲೇ ಕೊಡಿ.

ವೀಸಾ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರುತ್ತದೆ. ತಪಾಸಣೆಯ ಅವಧಿ ಮುಗಿಯುವುದಿದ್ದರೆ ಇನ್ನೂ ಕಡಿಮೆ. ಹೊರಡುವ ಮುಂಚೆ 235 ಡಾಲರ್ ಯುಎಸ್‌ಸಿಐಎಸ್ ಶುಲ್ಕ ಆನ್‌ಲೈನ್‌ನಲ್ಲಿ ಕಟ್ಟಿ. ಮೊಹರು ಹಾಕಿದ ಲಕೋಟೆ ಕೊಟ್ಟಿದ್ದರೆ ಒಡೆಯಬೇಡಿ, ಚೆಕ್-ಇನ್ ಬ್ಯಾಗಿಗೂ ಹಾಕಬೇಡಿ. ಅಲ್ಲಿಗೆ ಇಳಿದ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಕಾರ್ಡ್ ಬರುತ್ತದೆ. ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ, ಆ ಎರಡು ವರ್ಷದ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಕಾರ್ಡ್ ಅಂಚೆಯಲ್ಲಿ ಬರುವುದು ತಡವಾದರೂ ಗಾಬರಿ ಬೇಡ. ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿದ ವೀಸಾ ಪುಟವೇ ಒಂದು ವರ್ಷ ಗ್ರೀನ್ ಕಾರ್ಡಿನ ಕೆಲಸ ಮಾಡುತ್ತದೆ.